ಬಿಹೇವಿಯರಲ್ ಎಕನಾಮಿಕ್ಸ್ (ಹಣಕಾಸಿನ ನಿರ್ಧಾರದ ಹಿಂದಿನ ಮನಸ್ಸಿನ ಅಧ್ಯಯನ), ಕಾರ್ಪೊರೇಟ್ ಗವರ್ನೆನ್ಸ್ (ಕಂಪನಿ ನಡೆಸೋರ ಮೇಲಿನ ನಿಗಾ, ನಿಯಮ) ಎರಡೂ ಸೇರಿಸಿ ಪಿಎಚ್‌ಡಿ ಮಾಡಬಹುದಾ?

ತುಮಕೂರು_ಎಂಕಾಂ:
ಎಲ್ಲರಿಗೂ ನಮಸ್ಕಾರ. ಎಂಕಾಂ ಆಗಿ ನಾಲ್ಕು ವರ್ಷದಿಂದ ಬೆಂಗಳೂರಲ್ಲಿ ಆಡಿಟ್ ಕೆಲಸ, ವಯಸ್ಸು 27. ಬೋರ್ಡ್ ಮೀಟಿಂಗ್ ಮಿನಿಟ್ಸ್ (ನಡಾವಳಿ) ಓದಿ ಓದಿ ಒಂದು ವಿಷಯ ತಲೆ ಕೊರೀತಿದೆ, ಒಂದು ಕಂಪನೀದು ಮೂರು ವರ್ಷದ್ದು ನೋಡಿದೆ, ಒಬ್ಬ ಇಂಡಿಪೆಂಡೆಂಟ್ ಡೈರೆಕ್ಟರೂ (ಮಾಲೀಕರ, ಆಡಳಿತದ ಕಡೆಯವರಲ್ಲದ ಹೊರಗಿನ ನಿರ್ದೇಶಕರು) ಒಂದ್ಸಲನೂ ಬೇಡ ಅಂದಿಲ್ಲ. ಅಷ್ಟು ಓದಿರೋರು ಯಾಕೆ ಬಾಯಿ ಬಿಡಲ್ಲ? ಇದನ್ನೇ ಹಿಡಿದು ರಿಸರ್ಚ್ ಮಾಡ್ಕೊಂಡು, ಪಾಠ ಹೇಳ್ಕೊಂಡು ಇರಬೇಕು ಅಂತ ಆಸೆ. ಮನೇಲಿ ಸಿಎ ಮುಗಿಸು ಅಂತಿದಾರೆ. ಅರ್ಥಶಾಸ್ತ್ರ ಓದಿಲ್ಲ, ಲೇಟಾಯ್ತಾ?

ಕಾಮರ್ಸ್_ಮೇಷ್ಟ್ರು:
ಲೇಟೇನಿಲ್ಲಪ್ಪ. ಆದ್ರೆ ರಿಸರ್ಚ್ ಮಾಡೋರಿಗೆ ಸರ್ಕಾರ ಕೊಡೋ ಫೆಲೋಶಿಪ್ ಆದ ಜೆಆರ್‌ಎಫ್‌ಗೆ ಜನರಲ್ ಕೆಟಗರಿಲಿ 30 ವರ್ಷದ ಮಿತಿ ಇದೆ, ಅದಕ್ಕೆ ನಡೆಯೋ ನೆಟ್ ಪರೀಕ್ಷೆನ ಕಾಮರ್ಸಲ್ಲೇ ಬರಿ. 2023ರಿಂದ ತಿಂಗಳಿಗೆ 37,000 ಕೊಡ್ತಾರೆ, ಅದೊಂದು ಕೈಗೆ ಬಂದ್ರೆ ಮನೆಯವರನ್ನ ಒಪ್ಪಿಸೋದೂ ಸುಲಭ.

ಹಳೇ_ಸ್ಕಾಲರ್:
ನಿಮ್ಮ ಪ್ರಶ್ನೆ ತುಂಬಾ ಒಳ್ಳೇದು, ಬಿಡಬೇಡಿ. ಸತ್ಯಂ ಅನ್ನೋ ಐಟಿ ಕಂಪನೀನ ನೆನಪಿಸ್ಕೊಳ್ಳಿ, 2008ರ ಡಿಸೆಂಬರ್ 16ರಂದು ಅದರ ಚೇರ್ಮನ್ ರಾಮಲಿಂಗ ರಾಜು ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನ 160 ಕೋಟಿ ಡಾಲರಿಗೆ ಕೊಳ್ಳೋಕೆ ಬೋರ್ಡ್ ಒಪ್ಪಿಗೆ ಕೊಡ್ತು, ಮ್ಯಾನೇಜ್‌ಮೆಂಟ್ ಪ್ರೊಫೆಸರ್‌ಗಳೂ ಆ ಬೋರ್ಡಲ್ಲಿದ್ರು. ಷೇರುದಾರರು ರೊಚ್ಚಿಗೆದ್ದ ಮೇಲೆ ಕೈಬಿಟ್ರು, ಜನವರಿ 7ಕ್ಕೆ ಸುಳ್ಳು ಲೆಕ್ಕದ ಹಗರಣ ಹೊರಗೆ ಬಂತು.

ಸುಮ್ಮನಿರೋದು ಕುರ್ಚಿ ಹೋಗುತ್ತೆ ಅನ್ನೋ ಭಯಕ್ಕಾ, ಇಲ್ಲ ಹತ್ತು ಜನ ಹೂಂ ಅಂದಾಗ ಒಬ್ಬನೇ ಊಹೂಂ ಅನ್ನೋಕಾಗದ ಮನಸ್ಸಿಗಾ? ಮೊದಲನೇದು ಗವರ್ನೆನ್ಸ್‌ನವರು ಯಾವತ್ತಿಂದನೋ ಕೇಳ್ತಿರೋ ಪ್ರಶ್ನೆ, ಎರಡನೇದು ಬಿಹೇವಿಯರಲ್‌ನವರದ್ದು. ಎರಡನ್ನೂ ಬೇರೆ ಮಾಡಿ ತೋರಿಸಿದ್ರೆ ಅದೇ ಥೀಸಿಸ್. 2013ರ ಕಂಪನಿ ಕಾಯ್ದೆ ಪ್ರಕಾರ ಇಂಡಿಪೆಂಡೆಂಟ್ ಡೈರೆಕ್ಟರಿಗೆ ಸತತವಾಗಿ ಹೆಚ್ಚಂದ್ರೆ ಐದೈದು ವರ್ಷದ ಎರಡೇ ಅವಧಿ, ಮಧ್ಯೆ ಮರುನೇಮಕ ಆಗಬೇಕು. ಎರಡನೇ ಅವಧೀಲಿರೋರಿಗೆ ಕೂಡಲೇ ಮತ್ತೆ ಆಯ್ಕೆ ಆಗೋ ಆಸೆ ಇಲ್ವಲ್ಲ, ಆಗ್ಲೂ ಬಾಯಿ ಮುಚ್ಕೊಂಡೇ ಇದ್ರೆ ಕಾರಣ ಬರೀ ಭಯ ಅಲ್ಲ ಅಂತ ವಾದಿಸಬಹುದು.

ತುಮಕೂರು_ಎಂಕಾಂ:
ಸರ್ ಇದು ನಂಗೆ ಹೊಳೆದೇ ಇರ್ಲಿಲ್ಲ! ಆದ್ರೆ ಮನಸ್ಸನ್ನ ಅಳೆಯೋದು ಹೇಗೆ? ನಮ್ಮ ಆಫೀಸಿನ ಮಿನಿಟ್ಸ್ ಬಳಸಬಹುದಾ?

ಹಳೇ_ಸ್ಕಾಲರ್:
ಕ್ಲೈಂಟ್ ಮಿನಿಟ್ಸ್ ಮುಟ್ಟಲೇಬೇಡಿ, ಅದು ನಂಬಿ ಕೊಟ್ಟಿರೋದು. ಲಿಸ್ಟೆಡ್ ಕಂಪನಿ ಬಿಟ್ಟುಹೋಗೋ ಇಂಡಿಪೆಂಡೆಂಟ್ ಡೈರೆಕ್ಟರ್‌ಗಳ ಕಾರಣ ಸ್ಟಾಕ್ ಎಕ್ಸ್‌ಚೇಂಜಿಗೆ ಹೋಗುತ್ತೆ, ಹಾಜರಾತಿ ವಾರ್ಷಿಕ ವರದೀಲಿರುತ್ತೆ, ಅಲ್ಲಿಂದ ಶುರು ಮಾಡಿ. ಅಳತೆಗೆ ಅರ್ಥಶಾಸ್ತ್ರಜ್ಞರಾದ ಮಾಲ್ಮೆಂಡಿಯರ್ ಮತ್ತು ಟೇಟ್ ಅವರ ಪೇಪರ್‌ಗಳನ್ನ ಓದಿ, ಸಿಇಒನ ಏನೂ ಕೇಳದೇನೇ, ತನ್ನ ಸ್ಟಾಕ್ ಆಪ್ಷನ್ (ಕಂಪನಿ ಷೇರನ್ನ ಮೊದಲೇ ಗೊತ್ತಾದ ಬೆಲೆಗೆ ಕೊಳ್ಳೋ ಹಕ್ಕು) ನಗದು ಮಾಡದೆ ಅತಿಯಾಗಿ ಹಿಡ್ಕೊಂಡವನಿಗೆ ಅತಿ ಆತ್ಮವಿಶ್ವಾಸ ಅಂತ ಗುರುತಿಸಿದ್ರು, ಎಂಥಾ ಚಂದದ ಯೋಚನೆ ನೋಡಿ.

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ನೆಟ್ ಜೊತೆಗೇ ಎಕನಾಮೆಟ್ರಿಕ್ಸ್ (ಅಂಕಿಅಂಶ ಇಟ್ಕೊಂಡು ಆರ್ಥಿಕ ಪ್ರಶ್ನೆ ಪರೀಕ್ಷಿಸೋ ವಿದ್ಯೆ) ಗಟ್ಟಿ ಮಾಡ್ಕೊಳ್ಳಿ. ಡೇಟಾ ನೀವೇ ಕೂತು ಕಲೆಹಾಕಿ, ಯಾರೋ ಕೊಟ್ಟ ಫೈಲ್ ಕಣ್ಣುಮುಚ್ಚಿ ನಂಬಬೇಡಿ. ಫಾರಂ ಮೇಲ್ಗಡೆ ಸಹಿ ಹಾಕಿಸಿದ್ರೆ ಜನ ಪ್ರಾಮಾಣಿಕರಾಗ್ತಾರೆ ಅಂತ 2012ರಲ್ಲಿ ಬಂದ ಹೆಸರಾಂತ ಪೇಪರನ್ನ 2021ರಲ್ಲಿ ವಾಪಸ್ ತಗೊಂಡ್ರು, ಡೇಟಾನೇ ಸರಿ ಇರ್ಲಿಲ್ಲ.