‘ಹಾಪ್’ಗೆ ಜಿಗಿತ ಅನ್ನಬೇಕೋ, ‘ಕೈ’ ಅನ್ನಬಹುದೋ?

ಇಂಟರ್ನೆಟ್ ಇಲ್ಲದೆಯೂ ಬ್ಲೂಟೂತ್‌ನಂಥ ಹತ್ತಿರದ ಸಂಪರ್ಕದ ಮೇಲೆ ಮೆಸೇಜ್ ದಾಟಿಸುವ ಆಪ್‌ಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. 2014ರ ಹಾಂಗ್‌ಕಾಂಗ್ ಪ್ರತಿಭಟನೆಯಲ್ಲಿ ಹೆಸರಾದ ಫೈರ್‌ಚಾಟ್, 2025ರಲ್ಲಿ ಟ್ವಿಟರ್ ಕಟ್ಟಿದವರಲ್ಲೊಬ್ಬರಾದ ಜಾಕ್ ಡಾರ್ಸಿ ತಂದ ಬಿಟ್‌ಚಾಟ್, ಇಂಥವು. ಕತೆ ಹೇಳುವುದೇನೋ ಸುಲಭ. ಮೆಶ್ (ಫೋನುಗಳು ನೇರವಾಗಿ ಒಂದಕ್ಕೊಂದು ಕೂಡಿ ಆಗುವ ಜಾಲ), ಹಾಪ್ (ಮೆಸೇಜ್ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವ ಒಂದು ಹಂತ) ಎಂಬ ಎರಡು ಪದಗಳನ್ನು ಕನ್ನಡಕ್ಕೆ ತರುವಲ್ಲಿ ಸಿಕ್ಕಿಕೊಂಡಿದ್ದೇನೆ.

ಮೆಶ್‌ಗೆ ‘ಜಾಲರಿ’ ಅಂದರೆ ಮೆಶ್ ನೆಟ್‌ವರ್ಕ್ ‘ಜಾಲರಿ ಜಾಲ’ ಆಗುತ್ತದೆ, ನಾಲಿಗೆ ತೊಡರುತ್ತದೆ. ‘ಬಲೆ’ ಅಂದರೆ ಯಾರನ್ನೋ ಬೀಳಿಸಲು ಒಡ್ಡಿದ ಹಾಗೆ. ಸದ್ಯಕ್ಕೆ ‘ಹೆಣಿಗೆ ಜಾಲ’ ಅಂತ ಬರೆದಿದ್ದೇನೆ. ಇಲ್ಲಿ ಟವರ್ ಬೇಕಿಲ್ಲ, ಅಕ್ಕಪಕ್ಕದ ಫೋನುಗಳೇ ಹೆಣೆದುಕೊಳ್ಳುತ್ತವೆ. ಒಬ್ಬರು ಎದ್ದು ಹೋದರೂ ನಡುವೆ ಬೇರೆ ಫೋನ್ ಇದ್ದರೆ ಎಳೆ ಅತ್ತ ಕಡೆಯಿಂದ ಕೂಡಿಕೊಳ್ಳುತ್ತದೆ.

ಹಾಪ್‌ದೇ ತಲೆನೋವು ಜಾಸ್ತಿ. ಡಿಕ್ಷನರಿ ನೋಡಿದರೆ ‘ಜಿಗಿತ’, ‘ಕುಪ್ಪಳಿಕೆ’. ಮೆಸೇಜ್ ಏನು ಕಪ್ಪೆಯೇ? ನಿಜವಾಗಿ ಆಗುವುದು ಬೇರೆ. ನನ್ನ ಫೋನ್ ಪಕ್ಕದವರ ಫೋನಿಗೆ ಕೊಡುತ್ತದೆ, ಅದು ಅದರಾಚೆಯದಕ್ಕೆ. ಬ್ಲೂಟೂತ್ ಒಂದು ಸಲಕ್ಕೆ ಹತ್ತಾರು ಮೀಟರ್ ಮುಟ್ಟಿದರೆ ಹೆಚ್ಚು. ಇದಕ್ಕೆ ನಮ್ಮಲ್ಲಿ ಮೊದಲೇ ಮಾತಿದೆ ಅಲ್ವಾ? ‘ನಾಲ್ಕು ಕೈ ದಾಟಿ ಬಂದ ಚೀಟಿ’ ಅನ್ನುತ್ತೇವೆ. ಹಾಗಾದರೆ ಹಾಪ್ ಅಂದರೆ ಸುಮ್ನೆ ‘ಕೈ’. ಬಿಟ್‌ಚಾಟ್‌ನ ಮಿತಿಯನ್ನು ‘ಹೆಚ್ಚೆಂದರೆ 7 ಕೈ’ ಅಂತ ಬರೆದು ನೋಡಿದೆ. ಓದಿದ ಗೆಳೆಯರೊಬ್ಬರು ‘ಏಳು ಜನ ಟೈಪ್ ಮಾಡ್ತಾರಾ?’ ಅಂದರು! ಆಮೇಲೆ ‘7 ಕೈ ದಾಟುವವರೆಗೆ’ ಅಂತ ತಿದ್ದಿದೆ, ಆಗ ಅರ್ಥವಾಯಿತು. ಅಂದರೆ ‘ಕೈ’ ಒಂಟಿಯಾಗಿ ನಿಲ್ಲುವುದಿಲ್ಲ, ಜೊತೆಗೆ ‘ದಾಟು’ ಬೇಕು.

ಇನ್ನೊಂದು ಅನುಮಾನ ಉಳಿದಿದೆ. ಕೈ ದಾಟಿತು ಅಂದರೆ ನಡುವಿನವರೆಲ್ಲ ಓದಿಬಿಟ್ಟರು ಎಂಬ ಅರ್ಥ ಬರುತ್ತದೆಯೇ? ಬಿಟ್‌ಚಾಟ್‌ನಲ್ಲಿ ಇಬ್ಬರ ನಡುವಿನ ಖಾಸಗಿ ಮೆಸೇಜ್‌ಗೆ ಬೀಗ ಹಾಕಿರುತ್ತಾರೆ, ಅಂದರೆ ಬೇರೆಯವರಿಗೆ ಓದಲಾಗದ ಗುಟ್ಟಿನ ರೂಪದಲ್ಲಿ ಕಳಿಸುತ್ತಾರೆ. ನಡುವಿನ ಫೋನ್ ಅಂಟಿಸಿದ ಲಕೋಟೆಯನ್ನು ಮುಂದೆ ಕೊಟ್ಟ ಹಾಗೆ ಕೊಡುತ್ತದೆ, ಅಷ್ಟೇ. ‘ಕೈ ದಾಟು’ ನಿಮ್ಮ ಕಿವಿಗೆ ಮುಚ್ಚಿದ ಲಕೋಟೆಯೋ, ಬಿಚ್ಚಿದ ಚೀಟಿಯೋ?

ಅಂದ ಹಾಗೆ, ‘ಇಂಟರ್ನೆಟ್ ಇಲ್ಲದ ಆಪ್’ ಅಂದರೆ ಏನೋ ಕೊರತೆ ಇದ್ದಂತೆ ಕೇಳುತ್ತದೆ. ‘ಇಂಟರ್ನೆಟ್ ಬೇಡದ ಆಪ್’ ಅಂತ ಬದಲಿಸಿದ್ದೇನೆ. ಅದಕ್ಕೆ ತಕರಾರು ಇದ್ದರೆ ಅದನ್ನೂ ಹೇಳಿ.