ಮಾಡೆಲ್‌ನಲ್ಲಿ 94%, ಸಿಮ್ಯುಲೇಶನ್‌ನಲ್ಲಿ 71%: ಆಂಬುಲೆನ್ಸ್ ಕವರೇಜ್ ಎಲ್ಲಿ ಸೋರುತ್ತಿದೆ?

ಅಂದಾಜುಗಾರ್ತಿ
ನಮಸ್ಕಾರ. ಪೋಸ್ಟ್‌ಡಾಕ್ ಕೆಲಸದಲ್ಲಿ 12 ಆಂಬುಲೆನ್ಸ್‌ಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕು ಅಂತ ಲೆಕ್ಕ ಹಾಕ್ತಿದ್ದೇನೆ. ಡಾಸ್ಕಿನ್ 1983ರಲ್ಲಿ ಕೊಟ್ಟ ಎಂಇಎಕ್ಸ್‌ಸಿಎಲ್‌ಪಿ ಮಾಡೆಲ್ (ಕೆಲವು ಗಾಡಿ ಬ್ಯುಸಿ ಇರಬಹುದು ಅಂತ ಗಣಿಸಿ, ನಿರೀಕ್ಷಿತ ಕವರೇಜ್ ಅತಿ ಹೆಚ್ಚಾಗುವ ಜಾಗ ಹುಡುಕೋದು), ಬಿಡಿಸಿರೋದು ಗುರೋಬಿ ಅನ್ನೋ ಸಾಲ್ವರ್‌ನಲ್ಲಿ. ಗುರಿ 8 ನಿಮಿಷ, ಅಷ್ಟರೊಳಗೆ ಗಾಡಿ ಮುಟ್ಟೋ ಕರೆಗಳ ಪಾಲೇ ಕವರೇಜ್. ಕರೆ ತಗೊಂಡು ಗಾಡಿ ಹೊರಡೋಕೆ 2 ನಿಮಿಷ ಬಿಟ್ಟು, ಪ್ರಯಾಣಕ್ಕೆ 6 ನಿಮಿಷದ ವ್ಯಾಪ್ತಿ ಇಟ್ಟಿದ್ದೇನೆ. ಗಂಟೆಗೆ ಸರಾಸರಿ 6 ಕರೆ, ಒಂದೊಂದಕ್ಕೆ 40 ನಿಮಿಷ. ಹಾಗಾಗಿ ಬ್ಯುಸಿ ಫ್ರಾಕ್ಷನ್, ಅಂದರೆ ಗಾಡಿ ಬ್ಯುಸಿ ಇರೋ ಸಮಯದ ಪಾಲು, ಸೂತ್ರದಲ್ಲಿ ಕ್ಯೂ (q), 0.33.

ಮಾಡೆಲ್ 94% ಕವರೇಜ್ ಅನ್ನುತ್ತೆ. ಅದೇ ಜಾಗಗಳನ್ನು ಸಿಮ್‌ಪೈನಲ್ಲಿ (ಪೈಥಾನ್ ಲೈಬ್ರರಿ) ಬರೆದ ಸಿಮ್ಯುಲೇಶನ್‌ಗೆ ಕೊಟ್ಟು ಹಳೇ ಕರೆಗಳ ಲಾಗ್ ಓಡಿಸಿದರೆ 71% ದಾಟಲ್ಲ. ವಾರ್ಮ್‌ಅಪ್ ಅವಧಿ (ಲೆಕ್ಕಕ್ಕೆ ಹಿಡಿಯದ ಆರಂಭದ ಓಟ) ಉದ್ದ ಮಾಡಿದೆ. ಪ್ರಯಾಣದ ಸಮಯ ಕೊಡೋ ಓಎಸ್‌ಆರ್‌ಎಂಗೆ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ ಹೋಗ್ತಿದೆಯಾ ಅಂತಲೂ ನೋಡಿದೆ. ಎಲ್ಲ ಸರಿ ಇದೆ. ಸಾಲ್ವರ್ ಗ್ಯಾಪ್ ಸೊನ್ನೆ, ಅಂದರೆ ಸಿಕ್ಕಿದ್ದು ಅತ್ಯುತ್ತಮ ಉತ್ತರವೇ. ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತು?

ಸಾಲುಗಣಿತ
ಸಾಲ್ವರ್ ಬಿಡಿ, ಕೇಳಿದ್ದಕ್ಕೆ ಅದು ಸರಿಯಾಗೇ ಉತ್ತರ ಕೊಟ್ಟಿದೆ. ಸಿಮ್ಯುಲೇಶನ್ ಒಳಗೆ ಪ್ರತಿ ಗಾಡಿಯೂ ಒಟ್ಟು ಸಮಯದ ಎಷ್ಟು ಪಾಲು ಬ್ಯುಸಿ ಇತ್ತು ಅಂತ ಪ್ರಿಂಟ್ ಮಾಡಿ ಹಾಕಿ. 0.33ರ ಹತ್ತಿರ ಬಂದರೆ ಪ್ರಯಾಣದ ಸಮಯ ಕೆದಕೋಣ. ಬರದಿದ್ದರೆ ಕಳ್ಳ ಅಲ್ಲೇ ಸಿಕ್ಕಿಬಿದ್ದ ಹಾಗೆ.

ಅಂದಾಜುಗಾರ್ತಿ
ಸರಾಸರಿ 0.62 ಬಂತು! ಮಧ್ಯದ ಎರಡು ಗಾಡಿ 0.75ರ ಮೇಲೆ, ಅಂಚಿನವು 0.45ರ ಆಸುಪಾಸು. ನಾನು ತಗೊಂಡ 40 ನಿಮಿಷ ಲಾಗ್‌ನಲ್ಲಿರೋ ‘ಟ್ರಿಪ್ ಅವಧಿ’ ಕಾಲಮ್‌ನ ಸರಾಸರಿ. ಸಿಮ್ಯುಲೇಶನ್ ಆ ಕಾಲಮ್ ಮುಟ್ಟಲ್ಲ, ನೇರವಾಗಿ ಟೈಮ್‌ಸ್ಟಾಂಪ್ ಓದುತ್ತೆ.

ಶಿಫ್ಟ್‌ಮುಗಿಸಿದವ
ನಾನು ಡಿಸ್ಪ್ಯಾಚ್ ಕಂಟ್ರೋಲ್ ರೂಮಲ್ಲಿ ಕೂತಿದ್ದವನು, ಗಣಿತ ಅಷ್ಟಕ್ಕಷ್ಟೇ. ಆದರೆ ಈ ಥರದ ಕಾಲಮ್‌ಗಳ ಹಣೆಬರಹ ಗೊತ್ತು. ಒಂದು ಕರೆಗೆ ಬೀಳೋ ಸ್ಟಾಂಪ್‌ಗಳು ಹೆಚ್ಚುಕಮ್ಮಿ ಹೀಗೆ: ಕರೆ ಬಂದದ್ದು, ಗಾಡಿಗೆ ಒಪ್ಪಿಸಿದ್ದು, ಹೊರಟದ್ದು, ಸ್ಥಳ ಮುಟ್ಟಿದ್ದು, ಅಲ್ಲಿಂದ ಬಿಟ್ಟದ್ದು, ಆಸ್ಪತ್ರೆ ಮುಟ್ಟಿದ್ದು, ಕೊನೆಗೆ ‘ಫ್ರೀ’. ‘ಟ್ರಿಪ್’ ಅಂತ ಹೆಸರಿದ್ದರೆ ಅದು ಆಸ್ಪತ್ರೆ ಬಾಗಿಲಿಗೇ ನಿಂತಿರೋ ಸಾಧ್ಯತೆ ಜಾಸ್ತಿ.

ಬಾಗಿಲು ದಾಟಿದ ಮೇಲಿನ ಕಥೆ ಬೇರೆ. ಎಮರ್ಜೆನ್ಸಿಯಲ್ಲಿ ಬೆಡ್ ಖಾಲಿ ಇಲ್ಲ ಅಂದ್ರೆ ರೋಗಿ ಗಾಡಿಯ ಸ್ಟ್ರೆಚರ್ ಮೇಲೇ ಇರ್ತಾರೆ, ಸ್ಟ್ರೆಚರ್ ಬಿಟ್ಟು ಗಾಡಿ ಹೊರಡೋ ಹಾಗಿಲ್ಲ. ಬೆಡ್ ಸಿಕ್ಕ ಮೇಲೆ ನರ್ಸ್‌ಗೆ ವಿವರ ಹೇಳಿ, ಸಹಿ ಹಾಕಿಸಿ, ಗಾಡಿ ಒರೆಸಿ, ಆಕ್ಸಿಜನ್ ಎಷ್ಟಿದೆ ನೋಡಿ, ಆಮೇಲೆ ‘ಫ್ರೀ’ ಬಟನ್. ಆಸ್ಪತ್ರೆ ಮುಟ್ಟಿದ ತಕ್ಷಣ ಗಾಡಿ ಖಾಲಿ ಅಂದ್ಕೊಳ್ಳೋರು ಮ್ಯಾಪ್ ಮುಂದೆ ಕೂತವರು ಮಾತ್ರ. ಒಪ್ಪಿಸಿದ ಹೊತ್ತಿನಿಂದ ‘ಫ್ರೀ’ ತನಕ ಎಷ್ಟಾಗುತ್ತೆ ನೋಡಿ ಮೇಡಂ.

ಅಂದಾಜುಗಾರ್ತಿ
75 ನಿಮಿಷ, ಸರ್. ನೀವು ಹೇಳಿದ ಹಾಗೆ ಕಾಲಮ್ ಆಸ್ಪತ್ರೆ ಮುಟ್ಟಿದಲ್ಲಿಗೆ ಮುಗಿಯುತ್ತೆ. ಆದರೆ 40 ಹೋಗಿ 75 ಆದದ್ದಕ್ಕೆ ಕವರೇಜ್ ಇಷ್ಟು ಕುಸಿಯುತ್ತಾ?

ಸಾಲುಗಣಿತ
ಕುಸಿಯುತ್ತೆ, ಕೈಯಲ್ಲೇ ಲೆಕ್ಕ ಹಾಕಬಹುದು. ಗಂಟೆಗೆ 6 ಕರೆ, ಒಂದಕ್ಕೆ 1.25 ಗಂಟೆ, ಅಂದರೆ ಯಾವ ಕ್ಷಣದಲ್ಲಿ ನೋಡಿದರೂ ಸರಾಸರಿ 7.5 ಗಾಡಿ ಕೆಲಸದಲ್ಲಿರುತ್ತವೆ. 12ರಿಂದ ಭಾಗಿಸಿ: 0.625. ಈಗ ಮೂರು ಗಾಡಿಗಳ ವ್ಯಾಪ್ತಿಯಲ್ಲಿರುವ ಒಂದು ವಲಯ ತಗೊಳ್ಳಿ. ಮೂರೂ ಒಟ್ಟಿಗೆ ಬ್ಯುಸಿ ಇರುವ ಸಂಭವ ಕ್ಯೂ ಘನ. 0.33 ಇದ್ದಾಗ ಅದು 0.04ಕ್ಕಿಂತ ಕಡಿಮೆ, ಕವರೇಜ್ 96%. 0.625 ಇದ್ದಾಗ 0.244, ಕವರೇಜ್ ಸುಮಾರು 76%. ನಿಮ್ಮ 94 ಮತ್ತು 71ರ ನಡುವಿನ ಬಹುಪಾಲು ಇಲ್ಲೇ ಇದೆ.

ಇನ್ನೆರಡು ಸೋರಿಕೆ ಇವೆ. ಒಂದು, ಗಾಡಿಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಎಲ್ಲವೂ ಒಂದೇ ಕ್ಯೂ ಮೌಲ್ಯದಷ್ಟು ಬ್ಯುಸಿ ಆಗುತ್ತವೆ ಅಂತ ಡಾಸ್ಕಿನ್ ಮಾಡೆಲ್ ಭಾವಿಸುತ್ತೆ. ವಾಸ್ತವದಲ್ಲಿ ಪಕ್ಕದ ಗಾಡಿ ಬ್ಯುಸಿ ಆದರೆ ಅದರ ಕರೆಗಳೂ ಇದರ ತಲೆ ಮೇಲೆ. ಲಾರ್ಸನ್ 1974ರಲ್ಲಿ ತಂದ ಹೈಪರ್‌ಕ್ಯೂಬ್ ಮಾಡೆಲ್ ಇರೋದೇ ಇದಕ್ಕೆ. ಅದರ ತಿದ್ದುಪಡಿ ಅಂಶವನ್ನು ಡಾಸ್ಕಿನ್ ಮಾಡೆಲ್‌ಗೆ ಹೊಂದಿಸಿದ್ದು ಬತ್ತಾ, ಡೋಲನ್, ಕೃಷ್ಣಮೂರ್ತಿ, 1989ರಲ್ಲಿ. ಪೂರ್ತಿ ಹೈಪರ್‌ಕ್ಯೂಬ್‌ಗೆ ಕೈಹಾಕಬೇಡಿ ಅಂತ ನನ್ನ ಸಲಹೆ: ಪ್ರತಿ ಗಾಡಿ ಫ್ರೀ ಅಥವಾ ಬ್ಯುಸಿ ಅಂತ ಹಿಡಿದರೆ 12 ಗಾಡಿಗೆ 4096 ಸ್ಥಿತಿ, ಕಂಪ್ಯೂಟರ್‌ಗೆ ಏನೂ ಅಲ್ಲ, ಆದರೆ ಅದನ್ನು ಆಪ್ಟಿಮೈಸೇಶನ್ ಒಳಗೆ ಕೂರಿಸೋದು ತಲೆನೋವು. ಸಿಮ್ಯುಲೇಶನ್ ಓಡಿಸಿ, ನಿಲ್ದಾಣವಾರು ಕ್ಯೂ ತೆಗೆದು, ಮಾಡೆಲ್‌ಗೆ ಕೊಟ್ಟು, ಮತ್ತೆ ಓಡಿಸಿ. ಹೊಸ ಕ್ಯೂ ನೇರ ಹಾಕಿದರೆ ಉತ್ತರ ಎರಡು ವಿನ್ಯಾಸಗಳ ನಡುವೆ ಜೋಕಾಲಿ ಆಡುತ್ತೆ, ಹಳೆಯದರ ಜೊತೆ ಸರಾಸರಿ ಮಾಡಿ ಹಾಕಿ.

ಎರಡನೆಯದು, ದಿನವಿಡೀ ಒಂದೇ ಕ್ಯೂ. ಅರ್ಧ ದಿನ 0.4, ಇನ್ನರ್ಧ 0.85 ಅಂದ್ಕೊಳ್ಳಿ. ಸರಾಸರಿ ಅದೇ 0.625. ಆದರೆ ಆ ಮೂರು ಗಾಡಿಯ ವಲಯದ ಕವರೇಜ್ 76% ಅಲ್ಲ, 66%. ಸರಾಸರಿ ಕ್ಯೂ ಯಾವಾಗಲೂ ಹೊಗಳುಭಟ್ಟ.

ಅಂದಾಜುಗಾರ್ತಿ
0.625ರಿಂದ ಶುರುಮಾಡಿ ನಿಲ್ದಾಣವಾರು ಕ್ಯೂ ಹಾಕಿ ಬಿಡಿಸಿದೆ. ವಿನ್ಯಾಸವೇ ಬದಲಾಯ್ತು: ಮೊದಲು ಚೆದುರಿದ್ದ ಗಾಡಿಗಳು ಈಗ ಕರೆ ಹೆಚ್ಚಿರೋ ನಿಲ್ದಾಣಗಳಲ್ಲಿ ಎರಡು ಮೂರು ಒಟ್ಟಿಗೆ ನಿಂತಿವೆ. ಮಾಡೆಲ್ 78, ಸಿಮ್ಯುಲೇಶನ್ 74. ಅಂಚಿನ ವಲಯಗಳಿಗೆ ಪೆಟ್ಟು ಬಿದ್ದಿದೆ, ಅದಕ್ಕೊಂದು ಕನಿಷ್ಠ ಮಿತಿ ಹಾಕಬೇಕು. ಉಳಿದ 4 ಯಾವುದು?

ಸಾಲುಗಣಿತ
ಒಂದಿಷ್ಟು ಆ ಗಂಟೆವಾರು ಏರಿಳಿತ. ಉಳಿದದ್ದು 6 ನಿಮಿಷದ ಗೆರೆ ಇರಬೇಕು. ಮಾಡೆಲ್‌ಗೆ 5 ನಿಮಿಷ 50 ಸೆಕೆಂಡಿನ ವಲಯ ಪೂರ್ತಿ ಕವರ್, 6 ನಿಮಿಷ 10 ಸೆಕೆಂಡಿನದು ಸೊನ್ನೆ. ನಿಜಕ್ಕೂ ಎರಡರಲ್ಲೂ ಅರ್ಧದಷ್ಟು ಸಲ ಮುಟ್ಟುತ್ತೀರಿ, ಅರ್ಧದಷ್ಟು ಸಲ ಇಲ್ಲ. ದೂರಕ್ಕೆ ತಕ್ಕಂತೆ ಪ್ರಯಾಣದ ಸಮಯ ಎಷ್ಟು ಹರಡಿರುತ್ತೆ ಅನ್ನೋದಕ್ಕೆ ಬಡ್ಜ್, ಇಂಗೋಲ್ಫ್‌ಸನ್, ಝೆರೋಮ್ ಅವರ 2010ರ ಪೇಪರ್ ನೋಡಿ, ಕ್ಯಾಲ್ಗರಿಯ ಆಂಬುಲೆನ್ಸ್ ಡೇಟಾ. 0/1 ಬದಲು ಸಂಭವನೀಯತೆ ಹಾಕಿ. ಹೊರಡೋಕೆ ಇಟ್ಟ 2 ನಿಮಿಷಕ್ಕೂ ಅದೇ ಮಾತು.

ಶಿಫ್ಟ್‌ಮುಗಿಸಿದವ
ಅದಕ್ಕೆ ಮುಂಚೆ ‘ಸ್ಥಳ ಮುಟ್ಟಿದೆ’ ಸ್ಟಾಂಪನ್ನೂ ಒಮ್ಮೆ ಜಿಪಿಎಸ್ ಜೊತೆ ತಾಳೆ ನೋಡಿ. ಒಳಗೆ ಒಬ್ಬರ ಎದೆ ಒತ್ತುತ್ತಿರುವಾಗ ಬಟನ್ ಯಾರಿಗೆ ನೆನಪಿರುತ್ತೆ? ವಾಪಸ್ ಗಾಡಿಗೆ ಬಂದ ಮೇಲೆ ಎರಡು ಬಟನ್ ಒಟ್ಟಿಗೆ ಒತ್ತೋದೂ ಉಂಟು. ಮುಟ್ಟಿದ್ದಕ್ಕೂ ಬಿಟ್ಟಿದ್ದಕ್ಕೂ ಕೆಲವೇ ಸೆಕೆಂಡ್ ಅಂತರ ಇರೋ ಸಾಲುಗಳನ್ನು ಬೇರೆ ಇಡಿ.

ಅಂದಾಜುಗಾರ್ತಿ
ಅಂಥ ಸಾಲು ಕಣ್ಣಿಗೆ ಬಿದ್ದಿದ್ದವು, ಕಾರಣ ಈಗ ಗೊತ್ತಾಯ್ತು. ಒಂದು ಕೊನೇ ಪ್ರಶ್ನೆ. ನಮ್ಮ ಗುಂಪಿನಲ್ಲಿ ಇದೆಲ್ಲ ಬಿಟ್ಟು ನೇರ ಡೈನಾಮಿಕ್ ರೀಲೊಕೇಶನ್‌ಗೆ (ಪರಿಸ್ಥಿತಿ ನೋಡಿ ಗಾಡಿಗಳ ಜಾಗ ಆಗಾಗ ಬದಲಿಸೋದು) ಹೋಗೋಣ ಅಂತಿದ್ದಾರೆ. ಯಾಗ್ಟನ್‌ಬರ್ಗ್ ಮತ್ತಿತರರ 2015ರ ಹ್ಯೂರಿಸ್ಟಿಕ್ (ತ್ವರಿತ ಅಂದಾಜು ನಿಯಮ) ಸರಳವಾಗಿದೆ, ಗಾಡಿ ಫ್ರೀ ಆದಾಗಲೆಲ್ಲ ಎಲ್ಲಿ ಹೆಚ್ಚು ಲಾಭವೋ ಅಲ್ಲಿಗೆ ಕಳಿಸೋದು. ಹೋಗಬಹುದಾ?

ಶಿಫ್ಟ್‌ಮುಗಿಸಿದವ
ಫ್ರೀ ಆದಾಗ ಮಾತ್ರ ಕಳಿಸಿದರೆ ಸಿಬ್ಬಂದಿ ಒಪ್ತಾರೆ. ಸುಮ್ಮನೆ ನಿಂತ ಗಾಡಿಯನ್ನು ಮತ್ತೆ ಮತ್ತೆ ಎಬ್ಬಿಸಿದರೆ ರಾತ್ರಿಪಾಳಿಯವರು ನಿಮ್ಮ ಅಲ್ಗಾರಿದಮ್‌ಗೆ ಹೆಸರಿಟ್ಟು ಬೈತಾರೆ.

ಸಾಲುಗಣಿತ
ಹೋಗಿ, ಆದರೆ ಆ ಹ್ಯೂರಿಸ್ಟಿಕ್ ಒಳಗೂ ಇದೇ ಕ್ಯೂ ಕೂತಿದೆ. ಜೊತೆಗೆ, 0.33ರಿಂದ ಬಂದ ಸ್ಥಿರ ವಿನ್ಯಾಸದ ಜೊತೆ ಹೋಲಿಸಿ ‘ಇಷ್ಟು ಸುಧಾರಿಸಿತು’ ಅಂತ ಬರೆದರೆ ಕ್ಯೂ ಸರಿಪಡಿಸಿದ ಲಾಭವೆಲ್ಲ ಡೈನಾಮಿಕ್ ಹೆಸರಿಗೆ ಜಮಾ ಆಗುತ್ತೆ. ರಿವ್ಯೂ ಮಾಡೋರು ಮೊದಲು ಹಿಡಿಯೋದೇ ಅಲ್ಲಿ. ಗಂಟೆವಾರು ಕ್ಯೂ ಹಾಕಿ ಟ್ಯೂನ್ ಮಾಡಿದ ಸ್ಥಿರ ವಿನ್ಯಾಸವೇ ಬೇಸ್‌ಲೈನ್ ಆಗಲಿ. ಆ ಗಂಟೆವಾರು ಕೋಷ್ಟಕ ಸಿದ್ಧವಾದರೆ ಇಲ್ಲೇ ಹಾಕಿ, ನೋಡ್ತೀನಿ.