ಒಬ್ಬರೇ ಮಾಡೋ ರೆಟ್ರೊ ಗೇಮ್: ಕೋಟೆ ಬಂತು, ಕಳೆ ಬರ್ತಿಲ್ಲ

ಕಲ್ಲಿನಕೋಟೆ_8ಬಿಟ್ (ಚಿತ್ರದುರ್ಗ):
ನಮ್ಮ ಏಳುಸುತ್ತಿನ ಕೋಟೆ, ಒನಕೆ ಓಬವ್ವ ಇಟ್ಕೊಂಡು ಗೊಡಾಟ್ 4ರಲ್ಲಿ (ಗೇಮ್ ಮಾಡೋ ಸಾಫ್ಟ್‌ವೇರ್) ಪ್ಲಾಟ್‌ಫಾರ್ಮರ್ ಮಾಡ್ತಿದ್ದೀನಿ, ಅಂದ್ರೆ ಓಡಿ ಜಿಗಿಯೋ ಗೇಮ್. ಚಿತ್ರ, ಕೋಡ್, ಸೌಂಡ್ ಎಲ್ಲಾ ಒಬ್ಬನದೇ. 320×180 ರೆಸಲ್ಯೂಷನ್, 16×16 ಟೈಲ್ (ನೆಲ, ಬಂಡೆ ಜೋಡಿಸೋ ಚೌಕ ತುಂಡು). ‘ಕೇವ್ ಸ್ಟೋರಿ’ ಗೇಮ್‌ನಲ್ಲಿರೋ ಕಳೆ ಮಾತ್ರ ಬರ್ತಿಲ್ಲ. ಓಡುವಾಗ ಬಂಡೆಗಳು ನೀರಲ್ಲಿ ಕಂಡ ಹಾಗೆ ಅಲುಗಾಡ್ತವೆ, ಜಂಪ್ ಬಲೂನಿನ ಹಾಗೆ ತೇಲುತ್ತೆ. ‘ಚಿತ್ರದುರ್ಗ’ ಅಂತ ಹಾಕಿದ್ರೆ ‘ಚಿತ್‌ರದುರ್‌ಗ’ ಅಂತ ಬರುತ್ತೆ. ಎಲ್ಲಿ ತಪ್ತಿದೆ?

ಬೆಣ್ಣೆದೋಸೆ_ಪಿಕ್ಸೆಲ್ (ದಾವಣಗೆರೆ):
ಹಳೇದರ ಹಾಗೆ ಕಂಡ ಮಾತ್ರಕ್ಕೆ ಕಳೆ ಬರಲ್ಲ ಗುರು. ಒಂದೇ ಕೈ, ಒಂದೇ ಕಟ್ಟುಪಾಡು, ಅದು ಮುಖ್ಯ. ದೈಸುಕೆ ಅಮಾಯಾ ‘ಕೇವ್ ಸ್ಟೋರಿ’ಯನ್ನ ಸುಮಾರು 5 ವರ್ಷ ಒಬ್ಬರೇ ಮಾಡಿ 2004ರಲ್ಲಿ ಬಿಟ್ಟರು, ಸಂಗೀತ ಕೂಡಿಸೋ ಸಾಫ್ಟ್‌ವೇರನ್ನೂ ತಾವೇ ಬರೆದ್ರು.

ನಿಮ್ಮಲ್ಲಿ ಪಿಕ್ಸೆಲ್ ಅಳತೆಯೇ ಕೆಟ್ಟಿರಬೇಕು. ಗೊಡಾಟ್ ಸೆಟ್ಟಿಂಗ್ಸಲ್ಲಿ ಸ್ಟ್ರೆಚ್ ಮೋಡ್ ‘ವ್ಯೂಪೋರ್ಟ್’ ಇಡಿ (ಆಟ 320×180ರಲ್ಲೇ ಮೂಡಿ ಆಮೇಲೆ ಹಿಗ್ಗುತ್ತೆ), ಟೆಕ್ಸ್ಚರ್ ಫಿಲ್ಟರ್ ‘ನಿಯರೆಸ್ಟ್’ (ಪಿಕ್ಸೆಲ್ ಮಸುಕಾಗಲ್ಲ), ಸ್ಕೇಲ್ ಮೋಡ್ ‘ಇಂಟೀಜರ್’ (ಪೂರ್ಣ ಪಟ್ಟಿಗೆ ಮಾತ್ರ ಹಿಗ್ಗುತ್ತೆ, ಗೊಡಾಟ್ 4.2ರಿಂದ ಇದೆ). 1920×1080ಕ್ಕೆ ಸರಿಯಾಗಿ 6 ಪಟ್ಟು ಕೂರುತ್ತೆ. 1366×768 ಲ್ಯಾಪ್‌ಟಾಪಿಗೆ ಕೂರಲ್ಲ: 4 ಪಟ್ಟು ಮಾಡಿ, ಎಡಬಲ 43, ಮೇಲೆ ಕೆಳಗೆ 24 ಪಿಕ್ಸೆಲ್ ಕಪ್ಪು ಬಿಡಿ. ಪೂರ್ತಿ ತುಂಬಿಸೋಕೆ ಹೋದ್ರೆ ಕೆಲವು ಪಿಕ್ಸೆಲ್ 4, ಕೆಲವು 5 ಆಗಿ ಬಂಡೆ ಅಲುಗಾಡುತ್ತೆ. ಕ್ಯಾಮೆರಾ ಸ್ಥಾನವನ್ನೂ ಪೂರ್ಣಾಂಕಕ್ಕೆ ತನ್ನಿ.

ಒನಕೆ ಬೀಸೋದನ್ನ ಕೋಡಲ್ಲಿ ತಿರುಗಿಸಬೇಡಿ, ಓರೆಯಾದಾಗ ಅಂಚು ಹರಿದು ಕಾಣುತ್ತೆ. 6–8 ಫ್ರೇಮ್ (ಬಿಡಿ ಚಿತ್ರ) ಕೈಯಲ್ಲೇ ಬರೀರಿ. ತಲೆಗೆ ಬಿದ್ದ ಕ್ಷಣ 4 ಫ್ರೇಮ್ ಹೊತ್ತು ಇಡೀ ಆಟ ನಿಲ್ಲಿಸಿ ನೋಡಿ, ಒನಕೆಗೆ ತೂಕ ಬರುತ್ತೆ. ಬಂಡೆಗೆ 4 ಬಣ್ಣ ಸಾಕು. ನೆರಳಿಗೆ ಕಪ್ಪು ಬೇಡ, ನೇರಳೆ ಕಡೆ ಹೋಗಿ, ಬಿಸಿಲಿಗೆ ಹಳದಿ ಕಡೆ.

ಜಿಗಿತ_650:
ಜಂಪ್ ನಂಬರನ್ನ ಊಹೆ ಮೇಲೆ ಹಾಕಬೇಡಿ. 3 ಟೈಲ್ ಎತ್ತರ ಜಿಗೀಬೇಕು ಅಂದ್ರೆ 48 ಪಿಕ್ಸೆಲ್, ದಾಟೋಕೆ 52 ಬೇಕು. ತುದಿ ಮುಟ್ಟೋಕೆ 0.4 ಸೆಕೆಂಡ್ ಅಂದ್ಕೊಳ್ಳಿ. ವೇಗ = 2×52÷0.4 = 260. ಗುರುತ್ವ = 2×52÷0.16 = 650. ಇಳಿಯುವಾಗ ಗುರುತ್ವ ಒಂದೂವರೆ ಪಟ್ಟು ಮಾಡಿ, ಬಲೂನು ಅಲ್ಲೇ ಹೋಗುತ್ತೆ. ಏರುವಾಗ ಬಟನ್ ಬಿಟ್ರೆ ವೇಗ ಅರ್ಧ. ಅಂಚು ದಾಟಿದ ಮೇಲೂ 6 ಫ್ರೇಮ್ ಜಂಪ್‌ಗೆ ಅವಕಾಶ ಕೊಡಿ, ಇಲ್ಲಾಂದ್ರೆ ಆಡೋರು ‘ಒತ್ತಿದ್ನಲ್ಲ!’ ಅಂತ ಬೈತಾರೆ.

ಒತ್ತಕ್ಷರ_ಅಣ್ಣ:
ನಿಮ್ಮದು ಚಿತ್ರದಿಂದ ಮಾಡಿದ ಬಿಟ್‌ಮ್ಯಾಪ್ ಫಾಂಟ್ ಅಲ್ವಾ? ಅದರಲ್ಲಿ ಒಂದು ಅಕ್ಷರದ ಕೋಡಿಗೆ ಒಂದು ಚಿತ್ರ ಅಷ್ಟೇ. ತ ಕೆಳಗೆ ರ ಒತ್ತು ಕೂರಿಸೋ ನಿಯಮ ಇರಲ್ಲ, ಅರ್ಕಾವತ್ತೂ ಬರಲ್ಲ. ಒತ್ತಿನ ನಿಯಮ ಇರೋ ಯೂನಿಕೋಡ್ ಟಿಟಿಎಫ್ ಫಾಂಟ್ ಹಾಕಿ, ಗೊಡಾಟ್ 4 ತಾನೇ ಜೋಡಿಸುತ್ತೆ. ಇಂಪೋರ್ಟ್‌ನಲ್ಲಿ ಆ್ಯಂಟಿ-ಏಲಿಯಾಸಿಂಗ್ (ಅಂಚು ನಯ ಮಾಡೋದು), ಸಬ್‌ಪಿಕ್ಸೆಲ್ ಪೊಸಿಷನಿಂಗ್ (ಅಕ್ಷರವನ್ನ ಪಿಕ್ಸೆಲ್ ನಡುವೆ ಕೂರಿಸೋದು) ಎರಡೂ ಆಫ್. ಸಾಲಿನ ಎತ್ತರ 24 ಪಿಕ್ಸೆಲ್ ಬಿಡಿ, ಕಮ್ಮಿ ಆದ್ರೆ ‘ರಾಷ್ಟ್ರ’ದಂಥ ಪದದಲ್ಲಿ ಕೆಳಗಿನ ಒತ್ತು ಕತ್ತರಿಸುತ್ತೆ.

ಕಲ್ಲಿನಕೋಟೆ_8ಬಿಟ್:
ಬಂಡೆ ನಿಂತ್ವು, ಒತ್ತೂ ಬಂತು! ಆದ್ರೆ 24ರ ಲೆಕ್ಕದಲ್ಲಿ ಮಾತಿನ ಪೆಟ್ಟಿಗೇಲಿ ಎರಡೇ ಸಾಲು ಹಿಡಿಯುತ್ತೆ ಅಣ್ಣ.

ಒತ್ತಕ್ಷರ_ಅಣ್ಣ:
ಕಿಂಡಿ ಹತ್ರ ಒನಕೆ ಹಿಡ್ಕೊಂಡು ನಿಂತೋಳಿಗೆ ಎರಡು ಸಾಲೇ ಜಾಸ್ತಿ.